ಪಾಪಮ್ಮಂಗೆ ಹಚ್ಚಿದ ತೈಲ

ಬೇರಿಕೆ ಸುತ್ತಮುತ್ತ ಯಾರ ಮನೇಲಿ ಸಾವಾದ್ರೂ ನೆಂಟ್ರಿಗಿಂತ ಮುಂಚೆ ಆವುಲಪ್ಪಂಗೆ ಫೋನ್ ಹೋಗ್ತದೆ. ದೂರದೋರು ಬರೋವರ್ಗೂ ಹೆಣ ಕೆಡದಂಗೆ ನೋಡ್ಕೊಳ್ಳೋದು ಅವ್ನ ಕಸುಬು. ಅರಿಶಿನ ಬಳ್ದು, ಬೇವಿನ ಸೊಪ್ಪು ಹಾಸಿ, ಸಾಂಬ್ರಾಣಿ ಹೊಗೆ ಹಾಕಿ, ನೀಲಗಿರಿ ಎಣ್ಣೆ ಚಿಮುಕಿಸ್ತಾನೆ. ಎಲ್ಲಾ ಅವ್ರ ತಾತನ ವಿದ್ಯೆ. ಆ ತಾತ ಜವಳಗಿರಿ ಕಾಡಿನ ಮರದ ಅಂಟು ತಂದು ಹೊಗೆ ಹಾಕಿದ್ರೆ, ಆನೆ ಬಂದು ಹೆಣದ ಮುಂದೆ ಸೊಂಡ್ಲು ಮಡಿಸ್ಕೊಂಡು ನಿಂತ್ಕೊಂತಿತ್ತಂತೆ. ಒಬ್ಬ ಯಜಮಾನ್ರಂತೂ ಎದ್ದು ಕೂತು ಕಾಫಿ ಕೇಳಿದ್ರಂತೆ. ನಾನು ನೋಡಿಲ್ಲಪ್ಪ, ಆದ್ರೆ ಆ ಕಾಫಿ ಕಾಸಿದೋಳು ನಮ್ಮಜ್ಜಿ.

"ನಂಗೆ ಆ ಭಾಗ್ಯ ಎಲ್ಲೈತೆ?" ಅಂತಾನೆ ಆವುಲಪ್ಪ. "ನನ್ ಕೈಗೆ ಸಿಕ್ಕಿದೋರು ಒಬ್ರೂ ಎದ್ದು 'ಚೆನ್ನಾಗ್ ಮಾಡ್ದೆ ಕಣ್ಲಾ' ಅಂದಿಲ್ಲ. ಬೈದೂ ಇಲ್ಲ ಬಿಡು, ಅದ್ಕೇ ಕಸುಬು ನಡೀತೈತೆ."

ಹೋದ ವರ್ಷ ಪಾಪಮ್ಮ ತೀರ್ಕೊಂಡ್ಳು. ಮಗ ನಾರಾಯಣಸ್ವಾಮಿ ಓಡ್ಬಂದ. "ಆವುಲಪ್ಪಣ್ಣ, ತಂಗಿ ಮುನಿಲಕ್ಷ್ಮಿ ಸೂರತ್ತಿಂದ ರೈಲು ಹತ್ತವ್ಳೆ. ನಾಳೆ ಬತ್ತಾಳೆ. ಅವ್ವನ ಮುಖ ನೋಡೋವರ್ಗೂ ಎತ್ಬ್ಯಾಡಿ ಅಂತ ಫೋನಲ್ಲಿ ಒಂದೇ ಅಳು."

"ನಾನಿದೀನಿ, ನಡಿಯಲಾ."

ಬಾಡಿಗೆ ಐಸ್ ಪೆಟ್ಟಿ ಬಂತು, ಕರೆಂಟು ಹೋಯ್ತು. ಸರಿ, ತಾತನ ವಿದ್ಯೇನೇ ಗತಿ ಅಂತ ಚೀಲ ಬಿಚ್ಚಿದ್ರೆ ನೀಲಗಿರಿ ಎಣ್ಣೆ ಬಾಟ್ಲು ಖಾಲಿ!

ತಮಿಳು ಅಂದ್ರೆ ನಂಗೆ ನೀರು ಕುಡ್ದಂಗೆ ಅಂತ ಜಂಬ ಕೊಚ್ಚೋ ಆವುಲಪ್ಪ ತಾನೇ ತಮಿಳ್ನ ಅಂಗ್ಡಿಗೆ ಹೋಗಿ "ತೈಲಂ ಕುಡು" ಅಂದ, ಎಣ್ಣೆ ಕೊಡು ಅಂತ.

"ತಲೈವಲಿಯಾ?" ಅಂದ ಅಂಗ್ಡಿಯೋನು. ತಲೆನೋವಾ ಅಂತ ಕೇಳಿದ್ದು ಅವ್ನು. ಇವ್ನಿಗೆ 'ತಲೆ' ಒಂದೇ ಕಿವೀಗ್ ಬಿತ್ತು.

"ತಲೆಗೂ ಬೇಕು, ಕಾಲ್ಗೂ ಬೇಕು. ಜಾಸ್ತೀನೇ ಕೊಡಪ್ಪ."

ಅಯ್ಯೋ ಪಾಪ ಅಂತ ಅಂಗ್ಡಿಯೋನು ಕವರ್ ತುಂಬಾ ಕಟ್ಕೊಟ್ಟ. ಮನೇಗ್ ಬಂದು ಬಿಚ್ಚಿದ್ರೆ, ಎಲ್ಲಾ ತಲೆನೋವಿನ ಮುಲಾಮು ಡಬ್ಬಿ! ತಮಿಳ್ರು ಅದ್ಕೂ ತೈಲ ಅಂತಾರೆ.

ವಾಪಸ್ ಹೋಗೋಷ್ಟು ಹೊತ್ತಿರ್ಲಿಲ್ಲ, ಬಿಸ್ಲು ಏರ್ತಿತ್ತು. "ಪಾಪಮ್ಮಕ್ಕ, ಈ ಮಂಕನ ಕೈಗೆ ಸಿಕ್ಕಿದೀಯ, ಸುಧಾರಿಸ್ಕೊ" ಅಂತ ಮೈಗೆಲ್ಲಾ ಅದ್ನೇ ಬಳ್ದ. ಆ ಘಾಟಿಗೆ ಮನೇಲಿದ್ದೋರೆಲ್ಲಾ ಗೊಳೋ ಅಂತ ಕಣ್ಣೀರು. ಪಾಪಮ್ಮನ ಜೊತೆ ಮಾತು ಬಿಟ್ಟಿದ್ದ ಓರಗಿತ್ತಿ ಸಾಕಮ್ಮಂದೇ ಜಾಸ್ತಿ. "ನಾನು ಅಳ್ತಿಲ್ಲ ಕಣ್ರೇ!" ಅಂತಾನೇ ಸೆರಗು ಒದ್ದೆ ಮಾಡ್ಕೊಂಡ್ಳು.

ಮಾರನೆ ದಿನ ಮುನಿಲಕ್ಷ್ಮಿ ಬಂದ್ಳು. ಆವುಲಪ್ಪ ಕಂಬದ ಹಿಂದೆ ನಿಂತಿದ್ದ, ಬೈದ್ರೆ ಹಿತ್ಲಿಂದ ಓಡೋಕೆ. ಅವ್ಳು ಅವ್ವನ ಮುಖದತ್ರ ಬಗ್ಗಿದ್ಳು. ಮೂಸಿದ್ಳು.

"ಅವ್ವನ ವಾಸ್ನೆ ಹಂಗೇ ಐತೆ. ದಿನಾ ಮಲಗೋಕ್ ಮುಂಚೆ ಹಣೇಗೆ ಇದ್ನೇ ಹಚ್ಕೊಂಡು ನನ್ನ ತಬ್ಕೊಂತಿದ್ಳು. ಆವುಲಪ್ಪಣ್ಣ, ನಿಂಗೆ ಹೆಂಗ್ ಗೊತ್ತಾಯ್ತು?"

"ನಂಗೇನಮ್ಮ ಗೊತ್ತು? ತಮಿಳೇ ಸರ್ಯಾಗ್ ಬರಾಕಿಲ್ಲ" ಅಂದು ಆವುಲಪ್ಪ ಕಣ್ಣೊರಸ್ಕೊಂಡ. ಬೆರಳ್ ತುಂಬಾ ಮುಲಾಮು. ಆಮೇಲೆ ಸುಡುಗಾಡ್ವರ್ಗೂ ಕಣ್ಣೀರು ನಿಲ್ಲಲೇ ಇಲ್ಲ. ಪಾಪಮ್ಮಂಗೋಸ್ಕರ ಅವ್ನಷ್ಟು ಅತ್ತೋರು ಇಲ್ಲ ಅಂತ ಊರೆಲ್ಲಾ ಮಾತು.