ಮೇಲಿನ ಮುಚ್ಚಳದವನು

ಪದ್ಮಕ್ಕ ಕುಂಕುಮ ಇಟ್ಟುಕೊಳ್ಳುತ್ತಿದ್ದುದು ಭರಣಿಯಿಂದಲ್ಲ, ಹಳೆಯ ಜೇಬುಗಡಿಯಾರದ ಬೆಳ್ಳಿ ಕವಚದಿಂದ. ಒಳಗೆ ಯಂತ್ರವಿರಲಿಲ್ಲ. ಬೆಳಿಗ್ಗೆ ಮಿಂದು ಬಂದು ಗುಂಡಿ ಒತ್ತಿದರೆ ಮೇಲಿನ ಮುಚ್ಚಳ ಟಪ್ಪೆಂದು ತೆರೆಯುತ್ತಿತ್ತು. ಅವರ ಮಹಡಿಯ ಬಾಡಿಗೆಮನೆಗೆ ಹೊಸದಾಗಿ ಮದುವೆಯಾಗಿ ಬಂದ ನನಗೆ ಮದರಾಸಿನ ತ್ರಿಪ್ಲಿಕೇನಿನಲ್ಲಿ ಬೆಳಗಾಗುತ್ತಿದ್ದುದೇ ಆ ಸದ್ದಿನಿಂದ.

ಅವರು ಉಡುಪಿ ಕಡೆಯವರು. ನಾಲಗೆ ಬಹಳ ಹರಿತ. "ಎಂತ ಮಾರಾಯ್ತಿ, ಈ ಸಾರಿನ ನೀರು ಬಕಿಂಗ್‌ಹ್ಯಾಮ್ ಕಾಲುವೆಯದ್ದಾ?" ಎಂದು ಕೇಳುತ್ತಲೇ ನನಗೆ ಅಡುಗೆ ಕಲಿಸಿದರು. ಗಂಡನ ವಿಷಯ ಬಂದಾಗ ಮಾತ್ರ ದನಿ ತಗ್ಗುತ್ತಿತ್ತು. ಅಡುಗೆ ಕೆಲಸಕ್ಕೆ ರಂಗೂನಿಗೆ ಹೋದ ರಾಮಣ್ಣ ಯುದ್ಧದ ಗಲಾಟೆಯಲ್ಲಿ ಮರಳಿರಲಿಲ್ಲ. ಕಾಡು ಗುಡ್ಡ ದಾಟಿ ನಡೆದುಬಂದ ಊರಿನವರೊಬ್ಬರು, ದಾರಿಬದಿಯ ಹೆಣದ ಸೊಂಟದಲ್ಲಿ ಸಿಕ್ಕಿತೆಂದು ಈ ಕವಚ ತಂದುಕೊಟ್ಟಿದ್ದರು. ಮುಖ ಗುರುತು ಹಿಡಿಯುವಂತಿರಲಿಲ್ಲವಂತೆ. ಆದರೆ ಬೆನ್ನಿನ ಮುಚ್ಚಳದ ಮೇಲೆ, ಹೊರಡುವ ಮುಂಚೆ ರಾಮಣ್ಣ ಕೊರೆಸಿದ್ದ 'ರಾ' ಇತ್ತು. ಮನೆಯವರೆಲ್ಲ ಅತ್ತರು. ಪದ್ಮಕ್ಕ ಅದನ್ನು ತೊಳೆದು, ಒರೆಸಿ, ಕುಂಕುಮ ತುಂಬಿದರು.

"ಚಿಪ್ಪು ಮಾತ್ರ ಬಂದದ್ದು. ಯಂತ್ರ ಎಲ್ಲೋ ಓಡ್ತಾ ಉಂಟು" ಎನ್ನುತ್ತಿದ್ದರು.

ಅವರ ಮೈದುನ ಶೀನಪ್ಪಯ್ಯ ಹತ್ತಿರದ ಹೋಟೆಲಿನಲ್ಲಿ ಗಲ್ಲಾಪೆಟ್ಟಿಗೆ ನೋಡಿಕೊಳ್ಳುತ್ತಿದ್ದ. ಕೆಟ್ಟವನಲ್ಲ, ಶಾಸ್ತ್ರಕ್ಕೆ ಹೆದರುವವನು. ಕಾಣೆಯಾದವರಿಗೆ ಹನ್ನೆರಡು ವರ್ಷ ಕಳೆದ ಮೇಲೆ ದರ್ಭೆಯ ಗೊಂಬೆ ಮಾಡಿ ದಹಿಸಿ ಕರ್ಮ ಮುಗಿಸಬೇಕು. ಇಲ್ಲದಿದ್ದರೆ ಅಣ್ಣ ಅಂತರದಲ್ಲೇ ಅಲೆಯುತ್ತಾನೆ ಎಂದು ಅವನ ಹಟ. ಕರ್ಮವಾದರೆ ಪದ್ಮಕ್ಕನ ಕುಂಕುಮ ಹೋಗುತ್ತದೆಂದು ಎಲ್ಲರಿಗೂ ಗೊತ್ತಿತ್ತು.

"ಕರ್ಮ ಆದ ಮತ್ತೆ ಅದರಲ್ಲಿ ತುಂಬ್ಲಿಕ್ಕೆ ಎಂತ ಉಂಟು ಅತ್ತಿಗೆ? ಮಾರುವ. ಆ ದುಡ್ಡಲ್ಲೇ ಅಣ್ಣನ ಕೆಲಸ ಆಗ್ಲಿ" ಎಂದ, ಹನ್ನೆರಡನೆಯ ವರ್ಷ ತುಂಬಿದ ದಿನ. ನನಗೆ ಮೈ ಉರಿದುಹೋಯಿತು. ಪದ್ಮಕ್ಕ ಅವನ ಹಟಕ್ಕೆ ಸೋತವರಂತೆ ಸೀರೆ ಬದಲಿಸಿ ಅವನ ಜೊತೆ ಹೊರಟರು, ನನ್ನನ್ನೂ ಕರೆದರು.

ಬ್ರಾಡ್‌ವೇಯಲ್ಲಿ ಹಳೆಯ ಗಡಿಯಾರ ಕೊಳ್ಳುವ ಮುದಿ ವ್ಯಾಪಾರಿ ಕವಚ ನೋಡಿ ಮೊದಲು ಹಿಗ್ಗಿದ. ಬ್ರಷ್ಷಿನಿಂದ ಕುಂಕುಮ ಉಜ್ಜಿ ತೆಗೆದು, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಒಳಗೆ ಕೊರೆದಿದ್ದ ಸಣ್ಣ ಅಂಕಿಗಳನ್ನು ಓದಿದ. ಮುಖ ಇಳಿಯಿತು.

"ಜೋಡಿ ಸೇರಲಮ್ಮಾ" ಎಂದ, ಒಂದಕ್ಕೊಂದು ಕೂಡುವುದಿಲ್ಲ ಎಂದು ತಮಿಳಿನಲ್ಲಿ.

ಮೇಲಿನ ಮುಚ್ಚಳಕ್ಕೂ ನಡುವಿನ ಬಳೆಗೂ ಒಂದೇ ನಂಬರು, ಬೆನ್ನಿನ ಮುಚ್ಚಳಕ್ಕೆ ಬೇರೆ. ಎಲ್ಲ ಒಂದೇ ಆಗಿದ್ದರೆ ಸಂಗ್ರಹ ಮಾಡುವ ದೊರೆಗಳು ಒಳ್ಳೆಯ ಬೆಲೆ ಕೊಡುತ್ತಿದ್ದರು. ಎರಡು ಗಡಿಯಾರ ಕೂಡಿಸಿದ ಇದಕ್ಕೆ ತೂಕದ ಬೆಳ್ಳಿಯ ಬೆಲೆಯಷ್ಟೇ ಎಂದು ತಿಳಿಸಿ ಹೇಳಿದ.

ಪದ್ಮಕ್ಕ ಕವಚವನ್ನು ಅವನ ಕೈಯಿಂದ ಕಸಿದುಕೊಂಡರು. "ಬೆನ್ನು ಮಾತ್ರ ನಮ್ಮವರದ್ದು ಶೀನ! ಉಳಿದದ್ದು ಬೇರೆಯವನದ್ದು. ಸತ್ತವ ಅವನೇ!"

"ಅಣ್ಣನ ಗಡಿಯಾರವೇ ಒಡೆದಿರ್ಬಹುದು. ಅಲ್ಲಿ ರಿಪೇರಿಯವ ಸಿಕ್ಕಿದ್ದು ಸೇರಿಸಿರ್ಬಹುದು."

"ಇರ್ಬಹುದು. ಇಲ್ಲದೆಯೂ ಇರ್ಬಹುದು. ಅಷ್ಟು ಸಾಕು ನಂಗೆ."

ಕರ್ಮ ನಿಂತಿತು. ಪದ್ಮಕ್ಕ ಗೆದ್ದರೆಂದು ನಾನು ಹಿಗ್ಗಿದೆ. ಆದರೆ ಅಂದಿನಿಂದ ಆ ಮನೆಗೆ ಇನ್ನೊಬ್ಬ ಬಂದು ಸೇರಿಕೊಂಡ. ಮುಚ್ಚಳ ತೆರೆದಾಗಲೆಲ್ಲ ಪದ್ಮಕ್ಕ, "ಇಷ್ಟು ವರ್ಷ ಅವನ ಸೊತ್ತಲ್ಲಿ ನನ್ನ ಕುಂಕುಮ ಇಟ್ಟೆನಲ್ಲ! ಅವನ ಹೆಂಡತಿ ಎಲ್ಲಿದ್ದಾಳೋ, ಅವಳೂ ಇಟ್ಕೊಳ್ತಾ ಇರ್ಬಹುದು" ಎನ್ನುತ್ತಿದ್ದರು. ಹಟ್ಟಹಗಲಲ್ಲಿ, ಯಾರೂ ಇಲ್ಲದ ಜಗಲಿಯತ್ತ ನೋಡುತ್ತಾ, "ಬಾಯಾರಿಕೆಯವ. ದಾರಿ ತಪ್ಪಿ ನಮ್ಮಲ್ಲಿಗೆ ಬಂದಿದ್ದಾನೆ" ಎಂದು ಹೇಳುತ್ತಿದ್ದರು. ನಿಜ ಹೇಳಬೇಕೆಂದರೆ, ಸಂಜೆಯಾದ ಮೇಲೆ ಆ ಜಗಲಿ ದಾಟಲು ನಾನು ಹೆದರುತ್ತಿದ್ದೆ.

ಮಹಾಲಯ ಅಮಾವಾಸ್ಯೆಗೆ ಅವರು ಶೀನಪ್ಪಯ್ಯನನ್ನು ಸಮುದ್ರಕ್ಕೆ ಎಳೆದೊಯ್ದರು. ಹೆಸರು ಗೋತ್ರ ಗೊತ್ತಿಲ್ಲದವನಿಗೆ ಎಳ್ಳುನೀರು ಬಿಡುವುದು ಹೇಗೆಂದು ಅವನು ಗೊಣಗಿದ. "ಮೇಲಿನ ಮುಚ್ಚಳದವನಿಗೆ ಅಂತ ಬಿಡು. ಅವನಿಗೆ ಗೊತ್ತಾಗ್ತದೆ." ಆಮೇಲೆ ಪ್ರತಿ ವರ್ಷವೂ ಹಾಗೆಯೇ ನಡೆಯಿತು.

ಅರವತ್ತರ ದಶಕದ ಒಂದು ಮಧ್ಯಾಹ್ನ ಪದ್ಮಕ್ಕ ಊಟಕ್ಕೆ ಕೂತವರು ಏಳಲಿಲ್ಲ. ಮೀಯಿಸಿದ ಮೇಲೆ ಕುಂಕುಮ ಇಡಬೇಕೋ ಬೇಡವೋ ಎಂದು ಹೆಂಗಸರು ಪಿಸುಗುಟ್ಟಿದರು. ಶೀನಪ್ಪಯ್ಯ ಒಳಗಿನಿಂದ ಕವಚ ತಂದು ನನ್ನ ಕೈಗಿತ್ತ. "ಇಡಮ್ಮ. ಹಣೆ ತುಂಬ ಇಡು."

ಆ ವರ್ಷದ ಅಮಾವಾಸ್ಯೆಗೆ ನಾನೂ ಮರೀನಾಕ್ಕೆ ಹೋದೆ. ಶೀನಪ್ಪಯ್ಯ ತಂದೆತಾಯಿಗೆ, ಅತ್ತಿಗೆಗೆ, ಮೇಲಿನ ಮುಚ್ಚಳದವನಿಗೆ ನೀರು ಬಿಟ್ಟ. ಮತ್ತೆ ಬೊಗಸೆ ತುಂಬಿಕೊಂಡ. ಅಣ್ಣನ ಹೆಸರು ಬಾಯಿಗೆ ಬಂದದ್ದು ಕಾಣುತ್ತಿತ್ತು.

"ಆಗುದಿಲ್ಲ" ಎಂದ ಕೊನೆಗೆ. "ಅಣ್ಣ ಬಂದ್ರೆ ಅತ್ತಿಗೆಗೆ ಎಂತ ಹೇಳುದು?"

ಬೊಗಸೆಯ ನೀರು ಬೆರಳುಗಳ ಸಂದಿಯಿಂದ ತಾನಾಗಿ ಸೋರಿಹೋಯಿತು.