ಅಕ್ಕಯ್ಯಮ್ಮನಿಗೆ ಕ್ಷಯ ಇರಲಿಲ್ಲ

ಶಿಡ್ಲಘಟ್ಟದಿಂದ ಆಚೆ, ಹಿಪ್ಪುನೇರಳೆ ತೋಟಗಳ ನಡುವಿನ ಒಂದು ಹಳ್ಳಿಗೆ ಅಕ್ಕಯ್ಯಮ್ಮ ಸೊಸೆಯಾಗಿ ಬಂದಾಗ ಅವಳಿಗೆ ಹದಿನಾರು ವರ್ಷವೂ ತುಂಬಿರಲಿಲ್ಲ. ಗಂಡ ನರಸಿಂಹಪ್ಪ ಮಾತು ಕಡಿಮೆಯ ಮನುಷ್ಯ. ಮೊದಲ ಹೆರಿಗೆಯಲ್ಲೇ ಮಗು ತೀರಿಹೋಯಿತು. ತಾಯಿ ಬದುಕಿದಳು, ಆದರೆ ಕಿಬ್ಬೊಟ್ಟೆಯ ನೋವು ಬಿಡಲಿಲ್ಲ. ಕುಂತರೂ ನೋವು, ನಿಂತರೂ ನೋವು. ಸೂಲಗಿತ್ತಿ ಪೆದ್ದಮ್ಮ ಮೆಣಸಿನ ಕಾಳಿನಷ್ಟು ಕಪ್ಪು ಉಂಡೆಯೊಂದನ್ನು ತಂದು, ಹಾಲಿನಲ್ಲಿ ಕರಗಿಸಿ ಕುಡಿಸಿದಳು. ಅದನ್ನು ಅಫೀಮು ಎಂದು ಆ ಕಡೆ ಯಾರೂ ಕರೆಯುತ್ತಿರಲಿಲ್ಲ. ತೆಲುಗಿನವರ ಬಾಯಲ್ಲಿ ಅದು ನಲ್ಲಮಂದು, ಅಂದರೆ ಕರಿ ಮದ್ದು. ಕನ್ನಡದವರೂ ಹಾಗೇ ಅನ್ನುತ್ತಿದ್ದರು.

ನೋವು ಅಂದೇ ಇಳಿಯಿತು. ವರ್ಷ ಕಳೆಯುವುದರೊಳಗೆ ಪೂರ್ತಿ ಹೋಯಿತು. ನಲ್ಲಮಂದು ಮಾತ್ರ ಉಳಿಯಿತು. ಪೇಟೆಯಲ್ಲಿ ಅದಕ್ಕೆ ಸರ್ಕಾರದ ಪರವಾನಗಿಯಿದ್ದ ಅಂಗಡಿಯೇ ಇತ್ತು. ನರಸಿಂಹಪ್ಪ ಸಂತೆಗೆ ಹೋದಾಗ ಉಪ್ಪು, ಮೆಣಸಿನಕಾಯಿಯ ಜೊತೆ ಅದನ್ನೂ ತರುತ್ತಿದ್ದ. ಹೆಂಡತಿ ಅದನ್ನು ತಿಂದು ಮನೆಗೆಲಸ, ರೇಷ್ಮೆಹುಳದ ಮನೆಯ ಕೆಲಸ ಎರಡನ್ನೂ ಸಲೀಸಾಗಿ ತೂಗಿಸುತ್ತಿದ್ದಳು. ಅದು ಚಟವಾಗಿ ಅಂಟಿದ್ದು ಗಂಡ, ಅತ್ತೆ ಇಬ್ಬರಿಗೇ ಗೊತ್ತಿದ್ದ ಸಂಗತಿ. ಮೂರನೆಯವರ ಕಿವಿಗೆ ಬಿದ್ದಿರಲಿಲ್ಲ.

ಐವತ್ತರ ದಶಕದ ಕೊನೆಗೆ ಸರ್ಕಾರ ಆ ಅಂಗಡಿಗಳನ್ನು ಮುಚ್ಚಿಸಿತು. ಆಮೇಲೆ ಸಿಕ್ಕಿದ್ದೆಲ್ಲ ಕದ್ದು ಮಾರುವವರ ಸರಕು. ಒಮ್ಮೆ ಸಪ್ಪೆ, ಒಮ್ಮೆ ವಿಷದಷ್ಟು ತೀಕ್ಷ್ಣ. ಹುಳುಗಳು ಪೊರೆ ಬಿಡುವ ಕೊನೆಯ ಜ್ವರದಿಂದೆದ್ದು ಬಕಾಸುರನಂತೆ ಸೊಪ್ಪು ತಿನ್ನುತ್ತಿದ್ದ ಒಂದು ವಾರ, ಗಂಡ ಅತ್ತೆಯನ್ನು ಕರೆದುಕೊಂಡು ಗೌರಿಬಿದನೂರಿನ ಕಡೆ ನೆಂಟರ ಮದುವೆಗೆ ಹೋಗಿದ್ದ. ಅಕ್ಕಯ್ಯಮ್ಮ ಹೊಸ ಸರಕನ್ನು ಅಂದಾಜು ತಪ್ಪಿ ತಿಂದು, ದಿನಗಟ್ಟಲೆ ಮಂಪರಿನಲ್ಲಿ ಸೊಪ್ಪು ಹಾಕುವುದನ್ನೇ ಮರೆತು, ಕೊನೆಗೆ ಹುಳದ ಮನೆಯ ನೆಲದ ಮೇಲೆ ಬಿದ್ದವಳು ಏಳಲಿಲ್ಲ. ಅವರು ತಿರುಗಿ ಬಂದಾಗ ತಟ್ಟೆತಟ್ಟೆಗಳಲ್ಲೂ ಹುಳು ಒಣಗಿ ಸತ್ತಿದ್ದವು. ಅವಳು ಉಸಿರಾಡುತ್ತಿದ್ದಳು, ಅಷ್ಟೇ.

ಚಿಕ್ಕಬಳ್ಳಾಪುರದ ಹೊರಗೆ ಅನಸೂಯಮ್ಮ ಎಂಬ ನಿವೃತ್ತ ಡಾಕ್ಟರಮ್ಮ ತಮ್ಮ ಮನೆಯ ಹಿಂದಿನ ಹೆಂಚಿನ ಕೋಣೆಗಳ ಸಾಲಿನಲ್ಲಿ ಇಂಥ ಹೆಂಗಸರನ್ನು ಇರಿಸಿಕೊಂಡು ವಾಸಿ ಮಾಡುತ್ತಾರೆಂದು ಯಾರೋ ಹೇಳಿದ್ದರು. ನರಸಿಂಹಪ್ಪ ಹೆಂಡತಿಯನ್ನು ಅಲ್ಲಿಗೆ ಕರೆದೊಯ್ದ. ಊರಿನವರಿಗೆ, ಅವಳಿಗೆ ಕ್ಷಯ, ಆಸ್ಪತ್ರೆಗೆ ಸೇರಿಸಿದ್ದೀವಿ ಎಂದು ಹೇಳಿದ. ಕ್ಷಯ ಯಾರಿಗೆ ಬೇಕಾದರೂ ಬರುತ್ತದೆ. ಅದರಲ್ಲಿ ಮಾನ ಹೋಗುವುದೇನಿಲ್ಲ.

ಅನಸೂಯಮ್ಮ ಮದ್ದನ್ನು ಒಂದೇ ಸಲ ನಿಲ್ಲಿಸಲಿಲ್ಲ, ಉಂಡೆಯನ್ನು ಕಿರಿದು ಮಾಡುತ್ತ ಬಂದರು. ಆದರೂ ಕೊನೆಗೆ ಬರಬೇಕಾದದ್ದು ಬಂತು. ಮೂಗು, ಕಣ್ಣಲ್ಲಿ ನೀರು, ಭೇದಿ, ಮೈಯ ಮೂಳೆಗಳನ್ನೆಲ್ಲ ಯಾರೋ ಹಿಂಡಿದಂತೆ ಸೆಳೆತ. ಪಕ್ಕದ ಚಾಪೆಯಲ್ಲಿದ್ದವಳು ಗಂಗುಲಮ್ಮ, ಚಿಂತಾಮಣಿ ಕಡೆಯ ಕಲ್ಲು ಒಡೆಯುವವಳು. ಸಾರಾಯಿ ಬಿಡಲು ಬಂದಿದ್ದಳು. ಬಂದ ಹೊಸದರಲ್ಲಿ ಅಕ್ಕಯ್ಯಮ್ಮ ಅವಳ ಜಾತಿ ತಿಳಿದು ತನ್ನ ಚಾಪೆಯನ್ನು ಗೋಡೆಯ ಕಡೆಗೆ ಎಳೆದುಕೊಂಡಿದ್ದಳು. ಈಗ ಅಕ್ಕಯ್ಯಮ್ಮನ ಹೊಲಸು ಬಟ್ಟೆ ಒಗೆದವಳೂ, ಗಂಜಿ ಕುಡಿಸಿದವಳೂ ಗಂಗುಲಮ್ಮನೇ.

“ನಂಗೂ ಹಿಂಗೇ ಆಗಿತ್ತಕ್ಕಾ. ಸಾಯ್ತೀನಿ ಅನ್ಸುತ್ತೆ, ಸಾಯಲ್ಲ,” ಎಂದಳು ಅವಳು, ಅಕ್ಕಯ್ಯಮ್ಮನ ಪಾದಗಳನ್ನು ತೊಡೆಯ ಮೇಲಿಟ್ಟುಕೊಂಡು ಉಜ್ಜುತ್ತ.

ಮದುವೆಯಾದ ಮೇಲೆ ತನ್ನ ಪಾದ ಮುಟ್ಟಿ ಹೀಗೆ ಕೂತವರು ಯಾರೂ ಅಕ್ಕಯ್ಯಮ್ಮನಿಗೆ ನೆನಪಾಗಲಿಲ್ಲ. ಕೆಲವು ತಿಂಗಳ ಮೇಲೆ ಗಂಗುಲಮ್ಮ ತನ್ನೂರಿಗೆ ಹೊರಟಳು. ಬರ್ತಾ ಇರ್ತೀನಿ ಅಂದವಳು ಮತ್ತೆ ಬರಲಿಲ್ಲ. ಕುಡಿತಕ್ಕೆ ಮರಳಿದಳೋ, ದುಡಿತದಲ್ಲಿ ಮುಳುಗಿದಳೋ, ತಿಳಿಯಲೇ ಇಲ್ಲ.

ಅಕ್ಕಯ್ಯಮ್ಮ ಮನೆಗೆ ಮರಳಿದಾಗ ಮೈ ಹಗುರವಾಗಿತ್ತು, ಹಸಿವು ಹುಟ್ಟಿತ್ತು. ಆದರೆ ಜಗುಲಿಯ ಮೂಲೆಯಲ್ಲಿ ಅವಳಿಗೆಂದೇ ಒಂದು ಹೊಸ ಚಾಪೆ, ಒಂದು ಅಲ್ಯೂಮಿನಿಯಂ ತಟ್ಟೆ ಕಾಯುತ್ತಿದ್ದವು. ಕ್ಷಯದವಳ ಉಸಿರು ತಾಕಿದರೆ ಹುಳು ಕೆಡುತ್ತದೆಂದು, ಅವಳಿಲ್ಲದಾಗ ಹುಳ ಸಾಕಲು ಈ ಮನೆಗೆ ಬಂದು ಸೇರಿದ್ದ ವಾರಗಿತ್ತಿ ಹುಳದ ಮನೆಯ ಬಾಗಿಲಿಗೆ ಅಡ್ಡ ನಿಂತಳು. ಬಾವಿಯ ಹತ್ತಿರ ಹೆಂಗಸರು ಅವಳು ನೀರು ಸೇದಿ ಹೋಗುವವರೆಗೆ ದೂರ ನಿಲ್ಲುತ್ತಿದ್ದರು. ಅತ್ತೆಗೆ ನಿಜ ಗೊತ್ತಿತ್ತು. ಆದರೂ ಆಡಿದ ಸುಳ್ಳಿಗೆ ಸರಿಯಾಗಿ ಮುದುಕಿ ತಟ್ಟೆಯನ್ನು ದೂರದಿಂದಲೇ ತಳ್ಳುತ್ತಿದ್ದಳು. ಹೀಗೆ ಎರಡು ವರ್ಷ ನಡೆಯಿತು. ಇಡೀ ದಿನ ಯಾರ ಜೊತೆಯೂ ಮಾತಾಡದೆ, ಸಂಜೆ ತನ್ನ ದನಿ ತಾನೇ ಕೇಳಲೆಂದು ಅವಳು ದನದ ಕೊಟ್ಟಿಗೆಗೆ ಹೋಗಿ ಎಮ್ಮೆಯನ್ನು ಮಾತಾಡಿಸುತ್ತಿದ್ದಳು.

ವಾರಗಿತ್ತಿಯ ಮಗಳು ಚಿಕ್ಕವೆಂಕಟಮ್ಮ ಬಾಣಂತನಕ್ಕೆ ಬಂದಿದ್ದಳು. ಮಗುವನ್ನು ತೊಟ್ಟಿಲಿಗೆ ಹಾಕುವ ದಿನ ನಡುಮನೆ ತುಂಬ ಹೆಂಗಸರು. ಮಗು ಕೈಯಿಂದ ಕೈಗೆ ಹೋಗುತ್ತಿತ್ತು. ಅಕ್ಕಯ್ಯಮ್ಮ ಹೊಸ್ತಿಲಾಚೆ ನಿಂತು ನೋಡಿದಳು. ಮಗು ಅವಳ ಕಡೆಗೆ ಬಂದಾಗ ಹಿಡಿದಿದ್ದವಳು ಮೆಲ್ಲಗೆ ತಿರುಗಿ ಇನ್ನೊಬ್ಬಳಿಗೆ ಕೊಟ್ಟಳು.

“ನಂಗೆ ಕ್ಷಯ ಬಂದೇ ಇರ್ಲಿಲ್ಲ ಕಣ್ರಮ್ಮ,” ಎಂದಳು ಅಕ್ಕಯ್ಯಮ್ಮ. “ನಲ್ಲಮಂದು ತಿಂತಿದ್ದೆ. ಅದ್ನ ಬಿಡ್ಸಕ್ಕೆ ಹೋಗಿದ್ದೆ. ಬಿಟ್ಟಿದ್ದೀನಿ.”

ಜೋಗುಳದ ಹಾಡು ನಿಂತಿತು. ಅತ್ತೆ ಸೆರಗನ್ನು ಮುಖಕ್ಕೆ ಎಳೆದುಕೊಂಡಳು. ಚಿಕ್ಕವೆಂಕಟಮ್ಮ ಎದ್ದು ಬಂದು ಮಗುವನ್ನು ಕಿತ್ತುಕೊಂಡಂತೆ ಎತ್ತಿಕೊಂಡು ಒಳಕೋಣೆಗೆ ಹೋದಳು. ಅಳುವ ಕೂಸುಗಳ ನಾಲಿಗೆಗೆ ನಲ್ಲಮಂದು ಸವರಿ ಮಲಗಿಸುವುದು ಆ ಕಡೆ ಎಲ್ಲರೂ ಕಂಡಿದ್ದೇ. ಹಾಗೆ ಮಲಗಿ ಏಳದೆ ಹೋದ ಕೂಸುಗಳೂ ಇದ್ದವು. ತನ್ನ ಕೈ ಈಗ ಅವರಿಗೆ ಹೇಗೆ ಕಾಣುತ್ತಿದೆ ಎಂದು ಅಕ್ಕಯ್ಯಮ್ಮನಿಗೆ ಅರ್ಥವಾಯಿತು.

ಹಿತ್ತಿಲಲ್ಲಿ ನರಸಿಂಹಪ್ಪ ಅವಳನ್ನು ಗದರಲಿಲ್ಲ. ನೆಲ ನೋಡುತ್ತ ಹೇಳಿದ, “ಕ್ಷಯ ಅಂತ್ಲೇ ಇದ್ದಿದ್ರೆ ಒಂದಲ್ಲಾ ಒಂದಿನ ವಾಸಿ ಆಯ್ತು ಅನ್ಬೋದಿತ್ತು. ಇದಕ್ಕೇನಂತ ಹೇಳ್ಲಿ?”

“ಇದೂ ವಾಸಿ ಆಯ್ತು ಅನ್ನಿ.”

ಅವನು ಕೊಟ್ಟಿಗೆಗೆ ಹೋಗಿ ಎಮ್ಮೆಗೆ ಹುಲ್ಲು ಹಾಕಿದ. ಅವಳು ಒಳಗೆ ಹೋಗಿ ಎರಡು ಸೀರೆ ಗಂಟು ಕಟ್ಟಿದಳು. ಅವನು ತಡೆಯಲಿಲ್ಲ. ಚಿಕ್ಕಬಳ್ಳಾಪುರದ ಬಸ್ಸಿನವರೆಗೆ ಗಂಟನ್ನು ತಾನೇ ಹೊತ್ತು ಬಂದ.

ಅನಸೂಯಮ್ಮ ಏನೂ ಕೇಳದೆ ಅಡಿಗೆಮನೆಯನ್ನು ಅವಳಿಗೆ ಒಪ್ಪಿಸಿದರು. ಬರುವ ಹೆಂಗಸರಿಗೆ ಮುದ್ದೆ, ಸಾರು ಮಾಡುವುದು, ನಡುಕ ಹತ್ತಿದವರ ಬಳಿ ಕೂರುವುದು ಅವಳ ಕೆಲಸವಾಯಿತು. ಬಂದವರು ಅವಳನ್ನು ಹಚ್ಚಿಕೊಳ್ಳುತ್ತಿದ್ದರು. ವಾಸಿಯಾದ ಮೇಲೆ, ಈ ದಿನಗಳನ್ನೇ ಮರೆಯಬೇಕೆಂದು ಅವಳನ್ನೂ ಮರೆಯುತ್ತಿದ್ದರು. ಒಮ್ಮೆ ಪೇಟೆಯಲ್ಲಿ ಎದುರಾದ ಒಬ್ಬಳು ಗಂಡನ ಪಕ್ಕ ನಡೆಯುತ್ತ ಗುರುತೇ ಇಲ್ಲದವಳಂತೆ ಮುಂದೆ ಹೋದಳು. ಅದು ತಪ್ಪೆಂದು ಅಕ್ಕಯ್ಯಮ್ಮನಿಗೆ ಅನ್ನಿಸಲಿಲ್ಲ. ಆದರೂ ಅಂದು ಊಟ ಸೇರಲಿಲ್ಲ.

ಅರವತ್ತರ ದಶಕದ ನಡುವೆ ಅನಸೂಯಮ್ಮ ತೀರಿಕೊಂಡರು. ಅವರ ನೆಂಟರು ಮನೆ ಮಾರಿದರು. ಅಕ್ಕಯ್ಯಮ್ಮ ತರಕಾರಿ ಮಂಡಿಯ ಹಿಂದೆ ಒಂದು ಕೋಣೆ ಹಿಡಿದು, ಮಂಡಿಯಲ್ಲಿ ಸೊಪ್ಪು ಆರಿಸುವ ಕೆಲಸಕ್ಕೆ ಸೇರಿದಳು. ಮದ್ದಿನ ಆಸೆ ಮತ್ತೆ ಹುಟ್ಟಲಿಲ್ಲ ಎಂದಲ್ಲ. ಮಳೆಗಾಲದ ಸಂಜೆಗಳಲ್ಲಿ ಹುಟ್ಟುತ್ತಿತ್ತು. ಆಗ ಬಾಗಿಲು ತೆರೆದಿಟ್ಟು, ಬೀದಿಯಲ್ಲಿ ಓಡಾಡುವವರನ್ನು ನೋಡುತ್ತ ಕೂರುತ್ತಿದ್ದಳು, ಆಸೆ ದಾಟಿಹೋಗುವ ತನಕ.

ನರಸಿಂಹಪ್ಪ ವರ್ಷಕ್ಕೆ ಒಂದೆರಡು ಸಲ ಬರುತ್ತಿದ್ದ. ಕೆಲವು ವರ್ಷ ಹೊಸ್ತಿಲ ಹೊರಗೇ ಕೂತು, ತಂದ ರಾಗಿ ಇಳಿಸಿ ಹೋಗಿಬಿಡುತ್ತಿದ್ದ. ತಾಯಿ ತೀರಿಕೊಂಡ ವರ್ಷ ಬಂದಾಗ ಒಳಗೆ ಬಂದ. ಅವಳು ಬಡಿಸಿದ್ದನ್ನು ಉಂಡ. ಮನೆಗೆ ಬಾ ಎಂದು ಕರೆಯಲಿಲ್ಲ, ಕರೆಯಬೇಕೆಂದು ಅವಳೂ ಕಾಯಲಿಲ್ಲ. ಉಂಡವನು ದಣಿದಿದ್ದನೇನೋ, ಗೋಡೆಗೆ ಒರಗಿದಲ್ಲೇ ನಿದ್ದೆ ಹೋದ. ಅಕ್ಕಯ್ಯಮ್ಮ ಅವನ ತಲೆಯ ಕೆಳಗೆ ಸೀರೆಯೊಂದನ್ನು ಮಡಚಿಟ್ಟಳು. ಅಂದು ಮಧ್ಯಾಹ್ನ ಮಂಡಿಗೆ ಹೋಗಲಿಲ್ಲ. ಆ ಕೋಣೆಯಲ್ಲಿ ಇನ್ನೊಬ್ಬರ ಉಸಿರಾಟ ಕೇಳಿ ಅವಳಿಗೆ ಅಭ್ಯಾಸವಿರಲಿಲ್ಲ. ಬಸ್ಸಿನ ಹೊತ್ತಾಗುವವರೆಗೂ ಅದನ್ನೇ ಕೇಳುತ್ತ ಕೂತಿದ್ದಳು.