ಡಬ್ಬಿಯಲ್ಲಿ ಸತ್ತ ಏಡಿಗಳು

ಅರವತ್ತೊಂದೋ ಅರವತ್ತೆರಡೋ ಇಸವಿ ಇರಬೇಕು. ಧಾರವಾಡದಲ್ಲಿ ಎಂ.ಎ. ಮುಗಿಸಿ ವಿಜಾಪುರದ ಮನೆಗೆ ಮರಳಿದ ಮಳೆಗಾಲ ಅದು. ಅಷ್ಟು ಖಚಿತ. ಉಳಿದದ್ದರಲ್ಲಿ ನಡೆದದ್ದೆಷ್ಟು, ಆಮೇಲೆ ನಾನೇ ಕಟ್ಟಿಕೊಂಡದ್ದೆಷ್ಟು, ಹೇಳಲಾರೆ.

ಮಿರಗದ, ಅಂದರೆ ಮೃಗಶಿರಾ ಮಳೆಗೆ ಹಳ್ಳಕ್ಕೆ ಹೊಸ ನೀರು ಬಂತೆಂದರೆ ತಿಕೋಟಾದಲ್ಲಿ ಅಕ್ಕನ ಗಂಡನ ಮನೆಯ ಓಣಿಯವರೆಲ್ಲ ದಂಡೆಯ ಮೇಲೆ ಒಲೆ ಹೂಡಿ ಒಟ್ಟಿಗೆ ಉಣ್ಣುತ್ತಿದ್ದರು. ಹಳ್ಳದ ಮೀನು, ವಿಜಾಪುರದ ಗಾಂಧಿ ಚೌಕದಿಂದ ತರಿಸಿದ ಒಣ ಸೀಗಡಿ, ಎಲ್ಲಕ್ಕಿಂತ ಹೆಚ್ಚಾಗಿ ಏಡಿ. ಏಡಿಯನ್ನು ಒರಳಲ್ಲಿ ಕುಟ್ಟಿ, ಅರಿವೆಯಲ್ಲಿ ಸೋಸಿ, ಬೆಳ್ಳುಳ್ಳಿ ಖಾರ ಹಾಕಿ ಕುದಿಸಿದ ಸಾರಿನ ಮೊದಲ ಬಟ್ಟಲು ಓಣಿಯ ಬಾಣಂತಿಗೆ. ಆ ವರ್ಷದ ಬಾಣಂತಿ ನನ್ನ ಅಕ್ಕ. ಎರಡನೆಯ ಹೆರಿಗೆ, ಕೂಸಿಗೆ ಎರಡು ತಿಂಗಳು. ಅಕ್ಕನ ಮುಖ ಬಿಳಿಚಿಕೊಂಡಿತ್ತು.

ನಾನು ಬಬಲೇಶ್ವರದ ಗೆಳೆಯನ ಹೊಲದ ಬದುವಿನಿಂದ ಏಡಿ ಹಿಡಿಸಿ, ಎಣ್ಣೆ ಡಬ್ಬಿಯಲ್ಲಿ ಕಂಠಮಟ ನೀರು ತುಂಬಿ, ಮುಚ್ಚಳ ಬಿಗಿದು ಸೈಕಲ್ ಮೇಲೆ ತಂದಿದ್ದೆ. ನೀರಿನ ಜೀವ, ನೀರಲ್ಲಿ ಕ್ಷೇಮ ಎಂದು ನನ್ನ ತರ್ಕ. ಸಾರಿನ ಉಸ್ತುವಾರಿ ನೋಡುತ್ತಿದ್ದ ಅಕ್ಕನ ಅತ್ತೆ ಡಬ್ಬಿ ಕಂಡು ಹಣೆ ಬಡಿದುಕೊಂಡರು.

"ಮುಚ್ಚಿದ ನೀರಾಗ ಉಸಿರುಗಟ್ಟಿ ಸಾಯ್ತಾವ, ಹಸಿ ಚೀಲದಾಗ ತರಬೇಕ ಅನ್ನೂದೂ ಗೊತ್ತಿಲ್ಲೇನೋ ತಮ್ಮಾ? ಇದನ್ನ ಕಲಿಸಾಕ ಅಷ್ಟ ವರ್ಷ ಧಾರವಾಡದಾಗ ಇಟ್ಕೊಂಡಿದ್ರೇನ?"

ಓಣಿಯೆಲ್ಲ ನಕ್ಕಿತು.

"ಒಂದೊಂದ ಮುಟ್ಟಿ ನೋಡು. ಸತ್ತದ್ದು ಒರಳಿಗೆ ಬೀಳಬಾರದು. ಹಾಲು ಕುಡ್ಯೂ ಕೂಸೈತಿ," ಎಂದರು ಅತ್ತೆ.

ನೀರು ಚೆಲ್ಲಿ ಕಡ್ಡಿಯಿಂದ ತಿವಿದೆ. ಮೂರು ಅಲ್ಲಾಡಲಿಲ್ಲ. ಇನ್ನೊಮ್ಮೆ ತಿವಿದೆ.

"ಎಲ್ಲಾ ಜೀವಂತ ಅದಾವ್ರಿ ಅತ್ತಿ," ಎಂದೆ. ಮತ್ತೆ ನಗಿಸಿಕೊಳ್ಳುವುದು ನನಗೆ ಬೇಕಿರಲಿಲ್ಲ.

ಒಲೆಯತ್ತ ಬೆನ್ನು ಮಾಡಿ ನಾನೇ ಕುಟ್ಟಿದೆ. ಒರಳಿನಿಂದೆದ್ದ ವಾಸನೆ ಸರಿಯಿರಲಿಲ್ಲ. ಸಾರು ಕುದಿಯುವ ಹೊತ್ತಿಗೆ ಬೆಳ್ಳುಳ್ಳಿ ಅದನ್ನು ಮುಚ್ಚಿತು. ಅಕ್ಕ ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡು ಬಟ್ಟಲಿಗೆ ಕೈ ಚಾಚಿದಳು. ಊದಿದಳು.

ಇಲ್ಲಿಂದ ಮುಂದೆ ನನ್ನ ನೆನಪು ಬಲು ಸ್ಪಷ್ಟ. ನಾನು ಎದ್ದು ಬಟ್ಟಲು ಕಸಿದೆ, ಬಿಸಿ ಸಾರು ಮುಂಗೈ ಮೇಲೆ ಚೆಲ್ಲಿತು, ಎಲ್ಲರ ಎದುರು ತಪ್ಪು ಒಪ್ಪಿಕೊಂಡೆ. ಆ ಕಲೆ ಇನ್ನೂ ಇದೆ. ಹೆಂಡತಿ ಮಕ್ಕಳಿಗೆ ಅದನ್ನು ಎಷ್ಟೋ ಸಲ ತೋರಿಸಿದ್ದೇನೆ.

ಹೋದ ವರ್ಷ ಅಕ್ಕನಿಗೂ ತೋರಿಸಿದೆ.

"ಇದು ನಮ್ಮ ವಿಜಾಪುರದ ಸ್ಟೇಷನ್ ರಸ್ತೆ ಮನ್ಯಾಗ ಸ್ಟೋವ್ ಭುಗ್ ಅಂದಾಗ ಸುಟ್ಟದ್ದಲ್ಲೇನೋ," ಎಂದಳು. "ನೀ ಎಲ್ಲಿ ಬಟ್ಟಲಾ ಕಸಗೊಂಡಿ? ನಾ ಪೂರಾ ಕುಡದು ಇನ್ನೊಂದ ಬೇಡಿದ್ನಿ. ನೀ ಉಣ್ಣದ ನನ್ನ ಮಾರಿ ನೋಡಕೋತ ಕುಂತಿದ್ದಿ. ಯಾಕೋ?"

ಸತ್ತ ಮೂರು ಏಡಿಗಳ ವಿಷಯ ಹೇಳಿದೆ. ಅಕ್ಕ ನನ್ನ ಮುಂಗೈಯಿಂದ ಕಣ್ಣು ತೆಗೆದಳು.

"ಮರುದಿನ ಮುಂಜಾನಿ ಕೂಸಿಗೆ ವಾಂತಿ ಹತ್ತಿತ್ತು. ಮೂರು ದಿನ. ಮಂದಿ ಕಣ್ಣ ನದರ ಆಗೇತಿ ಅಂತ ಅತ್ತಿ ಉಪ್ಪು ಮೆಣಸಿನಕಾಯಿ ಇಳಿ ತಗದಿದ್ರು."

ಅಷ್ಟರಲ್ಲಿ ಆ ಕೂಸೇ, ಈಗ ತಲೆ ನೆರೆತ ಗಂಡಸು, ನಮಗೆ ಚಹಾ ತಂದಿಟ್ಟ.

"ಅವನ ಮುಂದ ಹೇಳಬ್ಯಾಡ," ಎಂದು ಅವನು ಹೋದ ಮೇಲೆ ಅಕ್ಕ ಮೆಲ್ಲಗೆ ಅಂದಳು.

ಬಟ್ಟಲು ಕಸಿದ ಆ ಗಳಿಗೆ ಈಗಲೂ ನನಗೆ ಮೊದಲಿನಷ್ಟೇ ಸ್ಪಷ್ಟವಾಗಿ ಕಾಣುತ್ತದೆ. ಆದರೆ ನಾನು ನಂಬುವುದು ಅಕ್ಕನ ಮಾತನ್ನೇ.